ಕಣ್ಣಿನ ಬಿಳಿ

ಊಟದ ಭಾಗ ಬಂತೆಂದರೆ ಅವನಿಗೆ ಹೊಟ್ಟೆ ತೊಳಸತೊಡಗುತ್ತದೆ. ಯಾರದೇ ಮದುವೆಯ ಟೇಪಾಗಲಿ, ಎಷ್ಟೇ ಹಳೆಯದಾಗಲಿ, ಊಟದ ಭಾಗ ಇದ್ದೇ ಇರುತ್ತದೆ. ಯಾವನೋ ಪುಣ್ಯಾತ್ಮ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದು ಬಾಯಿಯನ್ನೂ ಬಿಡದೆ ಚಿತ್ರ ತೆಗೆದಿರುತ್ತಾನೆ. ಅಗಿಯುವ ಬಾಯಿ, ಅಗಿಯುವುದನ್ನು ನಿಲ್ಲಿಸಿ ಹಲ್ಲು ಕಿರಿಯುವ ಬಾಯಿ, ತುತ್ತನ್ನು ಒಂದು ಕೆನ್ನೆಗೆ ಒತ್ತರಿಸಿ ಮಾತಾಡುವ ಬಾಯಿ. ಇವತ್ತಿನ ಟೇಪಿನಲ್ಲಿ ಮದುವೆ ಗಂಡೇ ಬೆರಳುಗಳನ್ನು ಒಂದೊಂದಾಗಿ ನೆಕ್ಕುತ್ತ ಕುಳಿತಿದ್ದ. ಹೆಬ್ಬೆರಳಿಗೆ ಬಂದಾಗ ಕ್ಯಾಮೆರಾ ಕಂಡು ನಾಚಿದ, ನಾಚಿಯೂ ನೆಕ್ಕಿಯೇ ಬಿಟ್ಟ. ಥೂ ನಿನ್ನ, ಎಂದುಕೊಂಡು ಅವನು ಕಣ್ಣನ್ನು ಪರದೆಯ ಮೂಲೆಗೆ ಸರಿಸಿದ. ಆದರೆ ನೋಡದೆ ಇರುವಂತಿಲ್ಲ. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದೇ ಅವನ ಕೆಲಸ. ಗಂಟೆಯ ಟೇಪು ಇಳಿಯಲು ಗಂಟೆಯೇ ಬೇಕು, ಅಷ್ಟು ಹೊತ್ತೂ ಮುಂದಿರುವ ಚಿಕ್ಕ ಪೆಟ್ಟಿಗೆಯ ಗುಂಡಿಗಳ ಮೇಲೆ ಕೈ ಇರಬೇಕು. ಬೆಳಕಿಗೊಂದು ಗುಂಡಿ, ಗಾಢತೆಗೊಂದು, ಬಣ್ಣ ಎಷ್ಟಿರಬೇಕು ಎಂಬುದಕ್ಕೊಂದು, ಬಣ್ಣ ಯಾವ ಕಡೆ ವಾಲಬೇಕು ಎಂಬುದಕ್ಕೊಂದು. ಚಿತ್ರ ಒಳಗೆ ಬರುವಾಗಲೇ ಸರಿ ಮಾಡಿಬಿಡಬೇಕು, ಬಂದ ಮೇಲೆ ಒದ್ದಾಡಿದರೆ ಮುಖಗಳೆಲ್ಲ ಕಲೆಕಲೆಯಾಗುತ್ತವೆ. ಈಗ ಆ ಮದುವೆ ಗಂಡೇ ಗಿರಾಕಿ, ಕೂದಲು ಉದುರಿ, ಇನ್ನಷ್ಟು ದಪ್ಪಗಾಗಿ. ಟೇಪು ಕೊಡುವಾಗ ಮೇಜಿನ ಮೇಲೆ ಬಗ್ಗಿ, ‘ಎಲ್ಲರನ್ನೂ ಸ್ವಲ್ಪ ಬೆಳ್ಳಗೆ ಮಾಡಿ ಸಾರ್, ನಮ್ಮ ಮಾವನೊಬ್ಬನ್ನ ಬಿಟ್ಟು’ ಎಂದು ತಾನೇ ನಕ್ಕಿದ್ದ. ಆ ಬಾಯಿಯಿಂದ ಏಲಕ್ಕಿಯ ವಾಸನೆಯೂ ಅದರ ಅಡಿಯಲ್ಲಿ ಇನ್ನೇನೋ ವಾಸನೆಯೂ ಬಂದಿತ್ತು.

ಬೆಳ್ಳಗೆ. ಬರುವವರೆಲ್ಲರಿಗೂ ಅದೊಂದೇ ಮಾತು. ಸತ್ತವರನ್ನೂ ಬೆಳ್ಳಗೆ ಮಾಡಿಕೊಡಬೇಕು, ಮುದುಕರನ್ನೂ, ತೊಟ್ಟಿಲಲ್ಲಿ ಮಲಗಿದ್ದನ್ನೂ. ಅಂಗಡಿಯ ಯಜಮಾನ ಇದಕ್ಕೊಂದು ಹೆಸರಿಟ್ಟಿದ್ದಾನೆ. ಹಳೆಯ ಟೇಪುಗಳು ವಯಸ್ಸಾದಂತೆ ಹಳದಿಗೆ ವಾಲುತ್ತವೆ. ಆ ಹಳದಿಯನ್ನು ಇಳಿಸುವುದಕ್ಕೆ ಯಜಮಾನ ‘ಕಾಮಾಲೆ ತೆಗೆಯೋದು’ ಅನ್ನುತ್ತಾನೆ. ‘ಇದಕ್ಕೆ ಕಾಮಾಲೆ ಜಾಸ್ತಿ ಇದೆ, ಮೊದಲು ಅದನ್ನ ತೆಗಿ’, ‘ನಿನ್ನೆ ಬಂದ ನಾಮಕರಣದ್ದು ಕಾಮಾಲೆ ಹೋಯ್ತಾ?’ ಮೊದಮೊದಲು ಗಿರಾಕಿಗಳು ಬೆಚ್ಚಿಬೀಳುತ್ತಿದ್ದರು, ಆಮೇಲೆ ಅವರೂ ನಗತೊಡಗಿದರು. ವರ್ಷಗಟ್ಟಲೆ ಬಾಯಲ್ಲಿ ಉರುಳಿ ಉರುಳಿ ಆ ಮಾತು ಸವೆದುಹೋಗಿದೆ. ಈಗ ಕಾಮಾಲೆ ಎಂದರೆ ಅವನ ಕೈ ತಾನಾಗಿಯೇ ನಾಲ್ಕನೆಯ ಗುಂಡಿಗೆ ಹೋಗುತ್ತದೆ, ಅಷ್ಟೇ. ಹಳದಿ ತೆಗೆಯಬೇಕಾದರೆ ಚಿತ್ರದಲ್ಲಿ ಬಿಳಿ ಯಾವುದೆಂದು ಗೊತ್ತಿರಬೇಕು. ಹೊಸದಾಗಿ ಚಿತ್ರ ತೆಗೆಯುವವನು ಕ್ಯಾಮೆರಾದ ಮುಂದೆ ಒಂದು ಬಿಳಿ ಕಾಗದ ಹಿಡಿದು, ಇದೇ ಬಿಳಿ, ನೆನಪಿಟ್ಟುಕೋ, ಎಂದು ಹೇಳಿಕೊಡಬಹುದು. ಹಳೆಯ ಟೇಪಿನಲ್ಲಿ ಕಾಗದ ಹಿಡಿದು ನಿಂತವರು ಯಾರೂ ಇರುವುದಿಲ್ಲ. ಬಟ್ಟೆಯನ್ನು ನಂಬುವಂತಿಲ್ಲ, ಒಗೆದವರ ಕೈ ಹೇಗೋ ಏನೋ. ಗೋಡೆಯನ್ನು ನಂಬುವಂತಿಲ್ಲ, ಹಲ್ಲನ್ನಂತೂ ಕೇಳಲೇಬೇಡಿ. ಕಡೆಗೆ ಅವನು ನಂಬುವುದು ಕಣ್ಣನ್ನು. ಪರದೆಯ ಮೇಲೆ ಒಂದು ಮುಖ ಹತ್ತಿರ ಬಂದಾಗ ಚಿತ್ರ ನಿಲ್ಲಿಸಿ, ಕಣ್ಣಗುಡ್ಡೆಯ ಬಿಳಿ ನಿಜವಾಗಿ ಬೆಳ್ಳಗಾಗುವವರೆಗೆ ಗುಂಡಿ ತಿರುಗಿಸುತ್ತಾನೆ. ಕಣ್ಣು ಸರಿಯಾದರೆ ಉಳಿದದ್ದೆಲ್ಲ ಸರಿಯಾಗುತ್ತದೆ. ಕಪ್ಪಿರಲಿ ಕೆಂಪಿರಲಿ, ಮನುಷ್ಯನ ಕಣ್ಣಿನ ಬಿಳಿ ಮಾತ್ರ ಬಿಳಿಯೇ. ಇದು ಅವನೇ ಕಂಡುಕೊಂಡ ಉಪಾಯ, ಅದರ ಬಗ್ಗೆ ಅವನಿಗೆ ಒಳಗೊಳಗೇ ಜಂಬವೂ ಇದೆ.

ಪರ್ ಪರ್ ಎಂದು ಕೆರೆಯುವ ಸದ್ದು. ಟೇಪಿನದೇ ಇರಬೇಕು, ಧೂಳು ಕೂತಿರುತ್ತದೆ. ಆದರೆ ಅವನಿಗೆ ಕೇಳಿದ್ದು ಅಕ್ಕ ಕೆರೆದುಕೊಳ್ಳುವ ಸದ್ದು. ಬೆಳಿಗ್ಗೆಯೂ ಕೆರೆದುಕೊಳ್ಳುತ್ತಿದ್ದಳು, ಮುಂದಿನ ಕೋಣೆಯ ಮಂಚದ ಮೇಲೆ ಕೂತು, ಬಾಚಣಿಗೆಯ ಹಿಂಬದಿಯಿಂದ ಮುಂಗೈಯನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ. ಅವನು ಬೂಟು ಹಾಕಿಕೊಳ್ಳುತ್ತಿದ್ದವನು, ‘ಒಂಚೂರು ನಿಲ್ಲಿಸೇ ಮಾರಾಯ್ತಿ, ಚರ್ಮ ಕಿತ್ತು ಬರುತ್ತೆ’ ಎಂದಿದ್ದ. ಚರ್ಮದ ಮೇಲಿನ ಕನಿಕರದಿಂದ ಹೇಳಿದ್ದಲ್ಲ. ಆ ಸದ್ದು ಅವನ ಹಲ್ಲಿನ ಬೇರಿಗೆ ಇಳಿಯುತ್ತಿತ್ತು. ‘ಕಿತ್ತು ಬಂದ್ರೆ ಬರಲಿ ಬಿಡೋ, ಹೊಸದು ಹಾಕಿಸ್ಕೊಂಡ್ರಾಯ್ತು’ ಎಂದು ಅಕ್ಕ ನಕ್ಕಿದ್ದಳು. ಅವಳು ಟೆಲಿಫೋನ್ ಆಫೀಸಿನಲ್ಲಿ ಅರ್ಧ ಆಯುಷ್ಯ ಕಳೆದವಳು, ಯಾರದೋ ಮಾತನ್ನು ಯಾರಿಗೋ ಜೋಡಿಸುತ್ತ. ಈಗಲೂ ಯಾರು ಏನಂದರೂ ಮಾತಿಗೆ ಮಾತು ತಯಾರು. ಅಮ್ಮ ಹೋದ ಮೇಲೆ ಅವನಿಗೆ ಉಣಿಸಿ, ಬೈದು, ಓದಿಸಿದವಳು ಅವಳೇ. ಜ್ವರ ಬಂದ ದಿನ ಅವನು ಅವಳ ಮಡಿಲಲ್ಲೇ ವಾಂತಿ ಮಾಡಿಕೊಂಡಿದ್ದ, ಅವಳು ಮುಖ ಕೂಡ ಸಿಂಡರಿಸದೆ ಸೆರಗಿನಿಂದಲೇ ಅವನ ಬಾಯಿ ಒರೆಸಿದ್ದಳು. ಅಂಥ ಅಕ್ಕನ ಮೇಲೆ ಅವನಿಗೆ ಅಸಹ್ಯ ಹುಟ್ಟತೊಡಗಿತ್ತು. ಇದನ್ನು ಅವನು ಹೆಂಡತಿಗೂ ಹೇಳಿಲ್ಲ. ಊಟಕ್ಕೆ ಕೂತರೆ ಅನ್ನವನ್ನು ಆ ಕಡೆಯಿಂದ ಈ ಕಡೆಗೆ ಸರಿಸುತ್ತಾಳೆ, ಒಗ್ಗರಣೆಯ ವಾಸನೆಗೇ ಮೂಗು ಮುಚ್ಚಿಕೊಂಡು ಎದ್ದು ಹೋಗುತ್ತಾಳೆ. ಇನ್ನು ಕಕ್ಕಸು. ಅವಳು ಹೋಗಿ ಬಂದ ಮೇಲೆ ಅವನು ಹೋದರೆ, ಬಿಳಿ ಬೋಗುಣಿಯ ತಳದಲ್ಲಿ ಕಡು ಹಳದಿಯ ಉಳಿಕೆ, ಹಳೆಯ ಎಣ್ಣೆಯ ಬಣ್ಣದ್ದು. ನೀರು ಹಾಕಲೂ ಸೋಮಾರಿತನ ಬಂತೇ ಇವಳಿಗೆ! ಒಂದು ದಿನ ಬಾಗಿಲ ಹೊರಗಿನಿಂದಲೇ, ‘ಅಕ್ಕಾ, ಇನ್ನೊಂದು ಬಕೆಟ್ ನೀರು ಹಾಕಿದರೆ ಗಂಟೇನೂ ಹೋಗಲ್ಲ’ ಎಂದು ಕೂಗಿದ್ದ. ಒಳಗೆ ಹೆಂಡತಿ ಸೌಟು ಬಡಿದ ಸದ್ದಾಯಿತು. ಅವತ್ತಿನಿಂದ ಕಕ್ಕಸಿನಲ್ಲಿ ನೀರು ಸುರಿದೇ ಸುರಿಯುವ ಸದ್ದು ಮನೆಗೆಲ್ಲ ಕೇಳುತ್ತದೆ.

‘ಅಕ್ಕನ ಮುಖ ಯಾಕೋ ಒಂಥರಾ ಆಗಿದೆ ರೀ’ ಎಂದು ಮೊದಲು ಹೇಳಿದ್ದು ಹೆಂಡತಿ. ‘ಒಂಥರಾ ಅಂದ್ರೆ?’ ‘ಒಂಥರಾ ಅಂದ್ರೆ ಒಂಥರಾ. ಕಳೆ ಇಲ್ಲ.’ ‘ಆ ಬಲ್ಬಿನ ಬೆಳಕಲ್ಲಿ ರಂಭೆ ಕೂತರೂ ಹಂಗೇ ಕಾಣ್ತಾಳೆ’ ಎಂದಿದ್ದ. ಮುಂದಿನ ಕೋಣೆಗೆ ಬಿಸಿಲು ಬರುವುದಿಲ್ಲ, ಎದುರಿನ ಕಟ್ಟಡ ಎದ್ದ ಮೇಲೆ ಹಗಲೂ ಬಲ್ಬು ಹಾಕಿಯೇ ಇರಬೇಕು. ಆದರೂ ಹೆಂಡತಿಯ ಕಾಟಕ್ಕೆ ದವಾಖಾನೆಗೆ ಫೋನ್ ಮಾಡಿದ. ಅಲ್ಲಿನ ದೊಡ್ಡ ಡಾಕ್ಟರು ಎಲ್ಲರನ್ನೂ ಒಮ್ಮೆಲೇ ಕರೆಸಿಕೊಳ್ಳುವುದಿಲ್ಲ. ಮೊದಲು ತೊಂದರೆ ಏನೆಂದು ಹೇಳಿ, ರೋಗಿಯ ವಿಡಿಯೋ ಕಳಿಸಬೇಕು, ಮುಖ, ನಾಲಿಗೆ, ಅಂಗೈ; ನೋಡಿ ಬೇಕೆನಿಸಿದರೆ ಕರೆಯುತ್ತಾರೆ. ಅವನು ಅಕ್ಕನನ್ನು ಮಂಚದ ಮೇಲೆ ಕೂರಿಸಿ ಫೋನಿನಲ್ಲೇ ಒಂದಿಷ್ಟು ತೆಗೆದು ಕಳಿಸಿದ. ಮರುದಿನ ದವಾಖಾನೆಯ ಹುಡುಗಿ ಫೋನ್ ಮಾಡಿದಳು. ‘ಸಾರ್, ನಿಮ್ಮ ವಿಡಿಯೋ ಎಲ್ಲ ಹಳದಿ ಹಳದಿ ಬಂದಿದೆ. ಏನೂ ಗೊತ್ತಾಗ್ತಿಲ್ಲ ಅಂತಾರೆ ಡಾಕ್ಟರು. ಬೇರೆ ಯಾರತ್ರನಾದ್ರೂ ಒಳ್ಳೇ ಕ್ಯಾಮೆರಾ ಇದ್ರೆ ಇಸ್ಕೊಂಡು ಸರಿಯಾಗಿ ತೆಗೆದು ಕಳಿಸಿ. ಇಲ್ಲಾಂದ್ರೆ ಯಾವುದಾದ್ರೂ ಸ್ಟುಡಿಯೋದವರನ್ನ ಕೇಳಿ.’ ಸ್ಟುಡಿಯೋದವರನ್ನ ಕೇಳಿ! ಅವನ ಕಿವಿ ಬಿಸಿಯಾಯಿತು. ನಾನೇ ಸ್ಟುಡಿಯೋದವನು ಕಣಮ್ಮಾ, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಆಯ್ತು ಎಂದ. ಹತ್ತಿರವೇ ನಿಂತಿದ್ದ ಯಜಮಾನ ಅವನ ಕೈಯಿಂದ ಫೋನ್ ಇಸಿದುಕೊಂಡು ಆ ವಿಡಿಯೋ ನೋಡಿದ, ಹೊಟ್ಟೆ ಕುಣಿಸಿಕೊಂಡು ನಕ್ಕ. ‘ಏನಯ್ಯಾ ಇದು, ಊರಿಗೆಲ್ಲ ಕಾಮಾಲೆ ತೆಗೆಯೋನು, ನಿಮ್ಮನೇಲೇ ಇಷ್ಟೊಂದು ಕಾಮಾಲೆ?’ ಅವನೂ ನಕ್ಕ. ನಗದೆ ಇನ್ನೇನು ಮಾಡುವುದು, ಇಂಗು ತಿಂದ ಮಂಗನಂತೆ ನಕ್ಕ. ಆಗ ಅವನ ತಲೆಯಲ್ಲಿ ಇದ್ದದ್ದು ಇಷ್ಟೇ: ಆ ಹುಡುಗಿಗೆ ತೋರಿಸಬೇಕು.

ಪರದೆಯ ಮೇಲೆ ಸಾಲು ಮುಗಿದು ಕೈ ತೊಳೆಯುವ ಜಾಗ ಬಂತು. ಅಲ್ಲಿಯೂ ಬಿಡಲಿಲ್ಲ ಆ ಪುಣ್ಯಾತ್ಮ. ಬಾಯಿ ಮುಕ್ಕಳಿಸಿ ಉಗುಳುತ್ತಿರುವ ನೆಂಟರು, ಉಗುಳಿದ ಮೇಲೆ ನಗು. ಅವನ ಕೈ ಗುಂಡಿಯ ಮೇಲೆ ತಾನಾಗಿ ಸರಿಯಿತು, ಉಗುಳಿನ ನೀರು ಶುಭ್ರವಾಯಿತು. ದವಾಖಾನೆಯ ಹುಡುಗಿ ಫೋನ್ ಮಾಡಿದ ವಾರದ ಭಾನುವಾರವೇ ಅವನು ಅಂಗಡಿಯ ಒಳ್ಳೆಯ ಕ್ಯಾಮೆರಾ, ಗುಂಡಿಗಳ ಪೆಟ್ಟಿಗೆ, ಲ್ಯಾಪ್‌ಟಾಪು ಎಲ್ಲ ಮನೆಗೆ ಹೊತ್ತು ತಂದಿದ್ದ. ಅಕ್ಕ ಮಂಚದಿಂದ ಇಳಿದು ಗೋಡೆಗೆ ಒರಗಿಸಿಟ್ಟ ಕುರ್ಚಿಯ ಮೇಲೆ ಕೂತಳು. ವೈರುಗಳನ್ನು ನೋಡಿ, ‘ಮದುವೆ ಗಂಡಿಗೆ ತೋರಿಸೋಕೂ ನಂಗೆ ಯಾರೂ ಇಷ್ಟು ಸಂಭ್ರಮ ಮಾಡಿರ್ಲಿಲ್ಲ ಕಣೋ’ ಎಂದಳು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಅಕ್ಕನೂ ನಕ್ಕಳು. ಗಂಡು ಹುಡುಕುತ್ತಿದ್ದ ಕಾಲದಲ್ಲಿ ಅಕ್ಕನ ಫೋಟೋ ಹೋದಷ್ಟೇ ಬೇಗ ವಾಪಸು ಬರುತ್ತಿತ್ತು, ಬಣ್ಣ ಕಡಿಮೆಯಾಯ್ತು ಎಂಬ ಮಾತಿನ ಜೊತೆಗೆ. ಅವನು ನಗಲಿಲ್ಲ, ಪರದೆಯ ಮೇಲೆ ಬಂದ ಮುಖವನ್ನು ನೋಡುತ್ತಿದ್ದ. ಅಯ್ಯೋ, ಏನು ಅವಸ್ಥೆ. ಮುಖವೆಲ್ಲ ಹಳದಿ, ಕೆನ್ನೆ ಹಳದಿ, ಕಣ್ಣು ಹಳದಿ, ತುಟಿ ಬೂದಿ ಬಣ್ಣ. ಆ ಮುಖ ಕಂಡು ಅವನಿಗೆ ಮತ್ತದೇ ವಾಕರಿಕೆ ಬಂತು. ಹಾಳು ಬಲ್ಬು, ಎಂದ. ಬಲ್ಬು ಬದಲಿಸಿದ. ಹೊಸ ಬಲ್ಬಿನ ಕೆಳಗೂ ಹಳದಿ. ‘ಒಂದು ಬಿಳಿ ಕಾಗದ ಕೊಡೇ’ ಎಂದು ಹೆಂಡತಿಯನ್ನು ಕೇಳಿದ. ಅವಳು ಬಾಡಿಗೆ ರಸೀದಿಯ ಹಿಂಬದಿಯನ್ನು ತಂದು ಕೊಟ್ಟಳು, ಅದೋ ಮಡಚಿ ಮಡಚಿ ಮಾಸಿ ಹೋಗಿತ್ತು. ಇದು ಬಿಳಿಯೇ? ಎಂದು ಬಿಸಾಕಿದ. ಅವನಿಗೆ ಕಾಗದ ಯಾಕೆ? ಹತ್ತಿರ ಹೋಗಿ ಅಕ್ಕನ ಕಣ್ಣು ಪರದೆಯ ತುಂಬ ಬರುವಂತೆ ಮಾಡಿದ. ‘ಮಿಟುಕಿಸಬೇಡ, ಮೇಲೆ ನೋಡು.’ ಅವಳು ಮೇಲೆ ನೋಡಿದಳು, ಚಾವಣಿಯಲ್ಲಿ ಏನೋ ಬರೆದಿರುವಂತೆ ಶ್ರದ್ಧೆಯಿಂದ ನೋಡಿದಳು. ಅವನು ನಾಲ್ಕನೆಯ ಗುಂಡಿಯನ್ನು ತಿರುಗಿಸಿದ, ಇನ್ನೂ ತಿರುಗಿಸಿದ. ಯಾವ ಟೇಪಿಗೂ ಅಷ್ಟು ತಿರುಗಿಸಿದ ನೆನಪು ಅವನಿಗಿರಲಿಲ್ಲ. ಕಣ್ಣಿನ ಬಿಳಿ ನಿಧಾನವಾಗಿ ತಿಳಿಯಾಗುತ್ತ ಬಂತು, ಕೊನೆಗೆ ಬೆಳ್ಳಗಾಯಿತು, ಮಗುವಿನ ಕಣ್ಣಿನಷ್ಟು ಬೆಳ್ಳಗೆ. ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿದಾಗ ಕುರ್ಚಿಯ ಮೇಲೆ ಆರೋಗ್ಯವಂತ ಹೆಂಗಸೊಬ್ಬಳು ಕೂತಿದ್ದಳು. ಎಷ್ಟೋ ವಾರಗಳ ಮೇಲೆ ಅವನು ಅಕ್ಕನ ಮುಖವನ್ನು ಅಸಹ್ಯಪಡದೆ ನೋಡಿದ, ಪರದೆಯ ಮೇಲೆ.

ಅವಳ ಹಿಗ್ಗು ನೋಡಬೇಕಿತ್ತು. ‘ನಾನೇನೋ ಇದು!’ ಎಂದಳು. ‘ಇನ್ನೊಂದ್ಸಲ ಹಾಕು.’ ಇನ್ನೊಂದು ಸಲ ಹಾಕಿದ. ತನ್ನ ನಾಲಿಗೆಯನ್ನು ತಾನೇ ನೋಡಿ ನಕ್ಕಳು, ಕೆನ್ನೆ ಮುಟ್ಟಿಕೊಂಡಳು. ಪಕ್ಕದ ಮನೆಯಾಕೆ ಬಂದಾಗ ಅವಳಿಗೂ ತೋರಿಸಿದಳು; ಆಕೆ, ‘ಏನೂ ಆಗಿಲ್ಲ ನಿಮಗೆ, ಸುಮ್ನೆ ಮನಸ್ಸಿಗೆ ಹಚ್ಕೊಂಡಿದ್ದೀರಿ’ ಎಂದಳು. ದವಾಖಾನೆಯ ಹುಡುಗಿ ಮತ್ತೆ ಫೋನ್ ಮಾಡಿ, ‘ತುಂಬಾ ಚೆನ್ನಾಗಿದೆ ಸಾರ್ ಈ ಸಲ, ಯಾರತ್ರ ತೆಗೆಸಿದ್ರಿ?’ ಎಂದಳು. ‘ನಾನೇ’ ಎಂದ, ಆದಷ್ಟು ಸಹಜವಾಗಿ. ಡಾಕ್ಟರು ಹೇಳಿದ್ದನ್ನು ಅವಳು ಓದಿದಳು: ಕಣ್ಣು, ಚರ್ಮ, ನಾಲಿಗೆ ಎಲ್ಲ ಸರಿಯಾಗಿದೆ, ವಯಸ್ಸಿನ ನಿಶ್ಶಕ್ತಿ, ಚರ್ಮ ಒಣಗಿ ಕಡಿತ. ಒಂದು ಟಾನಿಕ್ಕು, ಹಚ್ಚಲು ಒಂದು ಎಣ್ಣೆ, ಈಗ ಬರುವ ಅಗತ್ಯವಿಲ್ಲ. ಅವನು ಗೆದ್ದವನಂತೆ ಹೆಂಡತಿಯ ಕಡೆ ನೋಡಿದ. ಡಾಕ್ಟರೇ ಹೇಳಿದ ಮೇಲೆ ಹೆಂಡತಿಯೇ ಹೋಗಿ ಟಾನಿಕ್ಕು ತಂದಳು. ಟಾನಿಕ್ಕಿನ ಬಾಟಲಿ ಖಾಲಿಯಾಗಿ ಇನ್ನೊಂದು ಬಂತು. ಎಣ್ಣೆಗೆ ಕಮಟು ವಾಸನೆ, ಅದು ಮಂಚಕ್ಕೆ, ಹೊದಿಕೆಗೆ, ಬಾಗಿಲ ಹಿಡಿಗೆ ಎಲ್ಲ ಅಂಟಿಕೊಂಡಿತು. ಅವನು ಮನೆಗೆ ಬಂದರೆ ನೇರ ಒಳಗೆ ಹೋಗಿಬಿಡುತ್ತಿದ್ದ. ಮುಂದಿನ ಕೋಣೆಯನ್ನು ದಾಟುವಾಗ ಉಸಿರು ಬಿಗಿಹಿಡಿಯುವುದನ್ನು ಅಕ್ಕ ನೋಡಿರಬಹುದೇ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ನೋಡಿದ್ದರೆ ನೋಡಲಿ, ಎಂದು ಸಿಟ್ಟೂ ಬರುತ್ತಿತ್ತು.

‘ಮುಗೀತಾ ನಮ್ಮ ಮದುವೆ?’ ಎನ್ನುತ್ತ ಗಿರಾಕಿ ಒಳಗೆ ಬಂದ, ಹಿಂದೆಯೇ ಯಜಮಾನ. ಗಿರಾಕಿ ಮಧ್ಯಾಹ್ನದ ಊಟ ಮುಗಿಸಿ ಬಂದವನು, ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತಿದ್ದ. ಪರದೆಯ ಮೇಲೆ ತನ್ನನ್ನೇ ಕಂಡು ಖುಷಿಪಟ್ಟ, ಆಮೇಲೆ ಮುಖ ಸಣ್ಣಗೆ ಮಾಡಿದ. ‘ಇನ್ನೂ ಸ್ವಲ್ಪ ಬೆಳ್ಳಗೆ ಬರಲ್ವಾ?’ ‘ಇದಕ್ಕಿಂತ ಏರಿಸಿದರೆ ಸುಣ್ಣ ಬಳಿದ ಹಾಗೆ ಕಾಣ್ತೀರಿ’ ಎಂದು ಅವನು ರೇಗಿದ. ಯಜಮಾನ ನಡುವೆ ಬಂದ, ಗಿರಾಕಿ ಎಂದರೆ ಅವನಿಗೆ ಬೆಣ್ಣೆ. ‘ಕೋಪ ಮಾಡ್ಕೋಬೇಡಿ ಸಾರ್, ನಮ್ಮೋನ ಕೈ ನೀವು ನೋಡಿಲ್ಲ. ಏಯ್, ಅವತ್ತು ಲ್ಯಾಪ್‌ಟಾಪಲ್ಲಿ ತೋರ್ಸಿದ್ಯಲ್ಲ, ನಿಮ್ಮ ಅಕ್ಕಂದು ಹಾಕಯ್ಯ, ಚರ್ಮ ಅಂದ್ರೆ ಹೆಂಗಿರ್ಬೇಕು ಅಂತ ತೋರ್ಸು ಇವರಿಗೆ.’ ಅವನಿಗೆ ಇಷ್ಟವಿರಲಿಲ್ಲ. ಆದರೂ ಗುಂಡಿಗಳ ಪೆಟ್ಟಿಗೆಯ ಮೂಲಕವೇ ಹಾಕಿದ. ದೊಡ್ಡ ಪರದೆಯ ತುಂಬ ಅಕ್ಕ ಬಂದು ಕೂತಳು. ಮನೆಯ ಚಿಕ್ಕ ಪರದೆಯಲ್ಲಿ ಅವನು ಮುಖವನ್ನಷ್ಟೇ ನೋಡಿದ್ದ. ಇಲ್ಲಿ ಕುರ್ಚಿ, ನೆಲ, ಹಿಂದಿನ ಗೋಡೆ ಎಲ್ಲ ಅಗಲವಾಗಿ ಹರಡಿಕೊಂಡವು. ಗಿರಾಕಿ ಕಡ್ಡಿಯನ್ನು ಬಾಯಿಂದ ತೆಗೆದು ಕಣ್ಣು ಕಿರಿದು ಮಾಡಿ ನೋಡಿದ. ‘ಆಹಾ, ಒಳ್ಳೇ ನೀಲಿ ಸಾರ್ ಅದು’ ಎಂದ. ‘ಯಾವುದು?’ ‘ಗೋಡೆಗೆ ಹೊಡೆಸಿದ್ದೀರಲ್ಲ, ಅದು. ನಮ್ಮನೆ ಹಾಲಿಗೂ ಇಂಥದ್ದೇ ತಣ್ಣಗಿರೋ ನೀಲಿ ಬೇಕು ಅಂತ ನಮ್ಮೋಳು ತಲೆ ತಿಂತಿದ್ದಾಳೆ. ಯಾವ ಕಂಪನಿ ಪೇಂಟು?’

ಅವನ ಮನೆಯ ಗೋಡೆ ನೀಲಿಯಲ್ಲ. ಬಾಡಿಗೆ ಮನೆ, ಮನೆಯೊಡೆಯ ಎಲ್ಲ ಕೋಣೆಗೂ ಒಂದೇ ಬಿಳಿ ಸುಣ್ಣ ಬಳಿಸಿದ್ದಾನೆ, ಮುಟ್ಟಿದರೆ ಕೈಗೆ ಬರುವಂಥದ್ದು. ಅವನು ಗೋಡೆಯನ್ನು ನೋಡಿದ. ನೀಲಿಯಾಗಿತ್ತು. ನೀಲಿಯೆಂದರೆ ನೀಲಿ, ಮಕ್ಕಳು ಬಣ್ಣ ತುಂಬುವ ಆಕಾಶದ ಹಾಗೆ. ಕುರ್ಚಿಯ ಮೇಲೆ ಹಾಸಿದ್ದ ಬಿಳಿ ಟವೆಲ್ಲೂ ನೀಲಿ. ಏನಾಗಿದೆ ಎಂದು ತಲೆಗೆ ಹೊಳೆಯುವ ಮೊದಲೇ ಕೈಗೆ ಹೊಳೆದಿತ್ತು, ಅದು ನಾಲ್ಕನೆಯ ಗುಂಡಿಗೆ ಹೋಗಿ ಹಿಂದಕ್ಕೆ ತಿರುಗಿಸತೊಡಗಿತು. ಗೋಡೆಯ ನೀಲಿ ಇಳಿಯಿತು. ಗೋಡೆ ಬಿಳಿಯಾಗುತ್ತ ಬಂದ ಹಾಗೆ ಅಕ್ಕನ ಮುಖ ಹಳದಿಯಾಗುತ್ತ ಬಂತು. ಟವೆಲ್ಲು ಟವೆಲ್ಲಿನ ಬಣ್ಣಕ್ಕೆ ಬಂತು, ನೆಲ ನೆಲದ ಬಣ್ಣಕ್ಕೆ ಬಂತು, ಅಕ್ಕ ಹಳದಿಯಾದಳು. ಮೇಲೆ ನೋಡುತ್ತಿದ್ದ ಅವಳ ಕಣ್ಣುಗಳು, ಮಿಟುಕಿಸಬೇಡ ಎಂದು ಅವನೇ ಹೇಳಿದ್ದ ಕಣ್ಣುಗಳು, ಹಳದಿಯಾದವು. ಬೋಗುಣಿಯ ತಳದಲ್ಲಿ ಅವನು ದಿನವೂ ನೋಡಿ ಬೈದುಕೊಂಡಿದ್ದ ಅದೇ ಹಳದಿ. ಬಲ್ಬಿನದಲ್ಲ. ಬಲ್ಬಿನದಾಗಿದ್ದರೆ ಗೋಡೆಯೂ ಹಳದಿಯಾಗಬೇಕಿತ್ತು. ಅವಳೊಬ್ಬಳೇ ಹಳದಿ. ‘ಯಾಕಯ್ಯಾ, ಚೆನ್ನಾಗಿತ್ತಲ್ಲ! ಮತ್ತೆ ಯಾಕೆ ಕಾಮಾಲೆ ಹತ್ತಿಸ್ತಿದ್ದೀಯ?’ ಎಂದ ಯಜಮಾನ ಹಿಂದಿನಿಂದ. ಆ ಮಾತು ವರ್ಷಗಳ ಮೇಲೆ ಮೊದಲ ಸಲ ರೋಗದ ಹೆಸರಾಗಿ ಅವನ ಕಿವಿಗೆ ಬಿತ್ತು. ಗಿರಾಕಿ ನಗುತ್ತಿದ್ದ, ಅವನ ಬಾಯಿ ತೆರೆದಿತ್ತು, ಕಡ್ಡಿಯ ತುದಿಯಲ್ಲಿ ಏನೋ ಅಂಟಿತ್ತು. ಅವನು ಎದ್ದು ಓಡಿ ಅಂಗಡಿಯ ಹಿಂದಿನ ಚರಂಡಿಗೆ ಬಗ್ಗಿ ಬೆಳಿಗ್ಗೆಯಿಂದ ತಿಂದದ್ದನ್ನೆಲ್ಲ ಕಾರಿಕೊಂಡ. ಕಾರಿಕೊಂಡದ್ದನ್ನು ನೋಡುತ್ತ ಅಲ್ಲಿಯೇ ಕುಕ್ಕರಿಸಿದ. ಇಷ್ಟು ದಿನ ಅಸಹ್ಯಪಡಬೇಕಾದದ್ದು ಯಾವುದರ ಬಗ್ಗೆ ಎಂದು ಈಗ ಗೊತ್ತಾಯಿತು, ಅದರ ವಾಸನೆ ಅವನ ಬಾಯಲ್ಲೇ ಇತ್ತು.

ರಸ್ತೆಗೆ ಬಂದು ದವಾಖಾನೆಗೆ ಫೋನ್ ಮಾಡಿದ. ‘ಹೇಳಿ ಸಾರ್, ವಿಡಿಯೋ ಸಾರ್ ಅಲ್ವಾ?’ ಎಂದಳು ಹುಡುಗಿ, ಗುರುತು ಹಿಡಿದ ಸಂತೋಷದಲ್ಲಿ. ‘ನಿಮ್ಮ ವಿಡಿಯೋನ ನಾವು ಬೇರೆಯವರಿಗೆಲ್ಲ ಮಾದರಿಗೆ ಕಳಿಸ್ತಿದ್ದೀವಿ, ಹೀಗೆ ತೆಗೀಬೇಕು ಅಂತ. ಮುಖ ಒಂದು ಕಾಣದ ಹಾಗೆ ಮಾಡಿ.’ ಮುಖ ಒಂದು ಬಿಟ್ಟು! ಅವನು ಬಾಯಿ ತೆರೆದ. ಬಣ್ಣ ತಪ್ಪಾಗಿದೆ ಎಂದು ಹೇಳಬೇಕು. ನಾನು ತಪ್ಪು ಮಾಡಿದ್ದೇನೆ, ಕಣ್ಣನ್ನು ನಾನೇ ಬಿಳಿ ಮಾಡಿದೆ ಎಂದು ಹೇಳಬೇಕು. ಎರಡು ಸಾಲಿನ ಮಾತು. ಆದರೆ ಬಾಯಿಂದ ಬಂದದ್ದು, ‘ಅಕ್ಕನಿಗೆ ಸ್ವಲ್ಪ ಜಾಸ್ತಿಯಾಗಿದೆ’ ಎಂದು. ‘ಹೌದಾ? ಹಾಗಾದ್ರೆ ಇನ್ನೊಂದು ವಿಡಿಯೋ ಕಳಿಸಿ ಸಾರ್, ಅಷ್ಟೇ ಚೆನ್ನಾಗಿರೋದು.’ ‘ವಿಡಿಯೋ ಬೇಡ, ಕರ್ಕೊಂಡೇ ಬರ್ತೀನಿ, ಇವತ್ತೇ.’ ‘ಇವತ್ತಾಗಲ್ಲ ಸಾರ್, ಡಾಕ್ಟರು ನೋಡಿ ಹೇಳಿದ ಮೇಲೇನೇ...’ ‘ಏಯ್, ಕಾಮಾಲೆ ಕಣಮ್ಮಾ ಅದು, ಕಾಮಾಲೆ!’ ಎಂದು ಅವನು ಕಿರುಚಿದ. ಹಣ್ಣಿನ ಗಾಡಿಯವನು ತಿರುಗಿ ನೋಡಿದ. ಆ ಕಡೆ ಕಾಗದ ಸರಿಸಿದ ಸಪ್ಪಳ. ‘ವಿಡಿಯೋದಲ್ಲಿ ಕಣ್ಣು ಬೆಳ್ಳಗೇ ಇದೆಯಲ್ಲ ಸಾರ್’ ಎಂದಳು ಹುಡುಗಿ, ತುಂಬ ಮರ್ಯಾದೆಯಿಂದ. ಅವನು ಫೋನ್ ಕತ್ತರಿಸಿದ. ಸಿಕ್ಕ ಆಟೋದವನಿಗೆ ಕೈ ತೋರಿಸಿದ. ಆಟೋ ಹತ್ತಿ ಕೂತ ಮೇಲೆ ಕಣ್ಣಿಗೆ ಬಿದ್ದವರ ಕಣ್ಣನ್ನೆಲ್ಲ ನೋಡತೊಡಗಿದ, ಡ್ರೈವರನ ಕಣ್ಣು, ಸಿಗ್ನಲಿನಲ್ಲಿ ಪಕ್ಕದಲ್ಲಿ ನಿಂತವಳ ಕಣ್ಣು, ಅವಳ ತೋಳಿನಲ್ಲಿದ್ದ ಮಗುವಿನ ಕಣ್ಣು. ಒಬ್ಬೊಬ್ಬರದೂ ಬೇರೆ ಬಿಳಿ. ಒಬ್ಬರದು ಕೆಂಪು ಗೆರೆಗಳದ್ದು, ಒಬ್ಬರದು ಮಾಸಲು, ಒಬ್ಬರದು ನೀಲಿ ಸೋಕಿದ್ದು. ಇಷ್ಟು ವರ್ಷ ಎಷ್ಟು ಮುಖಗಳನ್ನು ಹೀಗೆ ತೊಳೆದು ಕೊಟ್ಟನೋ! ಹೆಂಡತಿಗೆ ಏನು ಹೇಳುವುದೆಂದು ಯೋಚಿಸಿದ. ಆ ಗಳಿಗೆಯಲ್ಲೂ ತನಗೆ ಮರ್ಯಾದೆಯ ಚಿಂತೆಯೇ ಬಂತಲ್ಲ, ಛೀ, ಎನ್ನಿಸಿತು. ಆದರೂ ಯೋಚಿಸಿದ.

ಬಾಗಿಲು ತೆರೆದದ್ದು ಅಕ್ಕ. ಹೆಂಡತಿ ಸಂತೆಗೆ ಹೋಗಿದ್ದಳು. ‘ಇದೇನೋ ಇಷ್ಟು ಬೇಗ? ಕೆಲಸದಿಂದ ತೆಗೆದುಹಾಕಿದ್ರಾ?’ ಎಂದಳು. ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಅವನು ಉಸಿರು ಬಿಗಿಹಿಡಿಯಲಿಲ್ಲ. ಅವಳ ತೋಳು ಹಿಡಿದು, ಹಿಡಿದ ಕೈಗೆ ಎಲುಬು ಸಿಕ್ಕಿ ಬೆಚ್ಚಿ, ಹಿತ್ತಲ ಬಾಗಿಲಿನತ್ತ ಕರೆದುಕೊಂಡು ಹೋದ. ಅಲ್ಲಿ ಈ ಹೊತ್ತಿಗೆ ಒಂದು ತುಂಡು ಬಿಸಿಲು ಬೀಳುತ್ತದೆ. ‘ಏನೋ ಇದು, ಮೆಲ್ಲಗೆ’ ಎಂದಳು ಅಕ್ಕ, ಬರಿಗಾಲಲ್ಲಿ ಎಡವುತ್ತ. ಬಿಸಿಲಿನಲ್ಲಿ ನಿಲ್ಲಿಸಿ ಹೆಬ್ಬೆರಳಿನಿಂದ ಅವಳ ಕೆಳರೆಪ್ಪೆಯನ್ನು ಎಳೆದು ನೋಡಿದ. ಬರೀ ಕಣ್ಣಿನಿಂದ ಇಷ್ಟು ಹತ್ತಿರ ಅವಳನ್ನು ನೋಡಿ ಎಷ್ಟು ಕಾಲವಾಗಿತ್ತೋ. ಗುಂಡಿ ಬೇಕಿರಲಿಲ್ಲ, ಪರದೆ ಬೇಕಿರಲಿಲ್ಲ, ಹಳದಿಯೆಂದು ಎಳೆಯ ಮಕ್ಕಳೂ ಹೇಳುತ್ತಿದ್ದರು. ‘ಬಟ್ಟೆ ಬದಲಿಸ್ಕೋ’ ಎಂದ. ‘ಆಸ್ಪತ್ರೆಗೆ ಹೋಗೋಣ, ದೊಡ್ಡ ಆಸ್ಪತ್ರೆಗೆ. ಆಟೋ ನಿಲ್ಲಿಸಿದ್ದೀನಿ.’

‘ಈಗ್ಲಾ? ಡಾಕ್ಟರು ಏನೂ ಇಲ್ಲ ಅಂದಿದ್ರಲ್ಲೋ.’

‘ವಿಡಿಯೋದಲ್ಲಿ ತಪ್ಪಾಗಿದೆ ಅಕ್ಕ.’ ಕೈ ಇನ್ನೂ ಅವಳ ಕೆನ್ನೆಯ ಮೇಲೇ ಇತ್ತು. ‘ಬಣ್ಣ ತಪ್ಪಾಗಿದೆ. ನಾನೇ ತಪ್ಪು ಮಾಡಿದ್ದು.’

‘ಬಣ್ಣದಲ್ಲಿ ನೀನು ತಪ್ಪು ಮಾಡ್ತೀಯಾ? ಹೋಗೋ ಸಾಕು’ ಎಂದು ಅವಳು ಅವನ ಕೈಯನ್ನು ಕೆನ್ನೆಯಿಂದ ಬಿಡಿಸಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವನ ಮುಖವನ್ನೇ ನೋಡಿದಳು. ಅವನು ನಗುತ್ತಿಲ್ಲ ಎಂಬುದು ಅವಳಿಗೆ ನಿಧಾನವಾಗಿ ಗೊತ್ತಾಗುತ್ತ ಬಂದಿರಬೇಕು. ಮುಂಗೈ ಕೆರೆದುಕೊಳ್ಳಲು ಹೋದವಳು ಕೈಯನ್ನು ಅರ್ಧಕ್ಕೇ ನಿಲ್ಲಿಸಿದಳು.

‘ಹಂಗಾದ್ರೆ ನಂಗೆ ಕಂಡದ್ದೇ ಸರಿಯೇನೋ?’ ಎಂದಳು. ‘ಮುಖ ತೊಳೀವಾಗ ಕನ್ನಡೀಲಿ ದಿನಾ ಕಾಣ್ತಿತ್ತು ಕಣೋ, ಕಣ್ಣೆಲ್ಲ ಅರಿಶಿನ ಅರಿಶಿನ. ನಿನ್ನ ವಿಡಿಯೋದಲ್ಲಿ ಬೆಳ್ಳಗಿತ್ತಲ್ಲ. ಕನ್ನಡಿಗೇ ವಯಸ್ಸಾಯ್ತು ಅಂದ್ಕೊಂಡು, ತೆಗೆದು ಮಂಚದ ಕೆಳಗಿಟ್ಬಿಟ್ಟೆ.’